ದೊಡ್ಡ ಮೀನೇ ತಾಯಿ ಮೀನು: ಕನಿಷ್ಠ ಗಾತ್ರದ ನಿಯಮವೊಂದೇ ಸಾಕೇ?

ಮರಿಗಳನ್ನು ಹಿಡಿಯದೆ ಬಿಟ್ಟರೆ ಮತ್ಸ್ಯ ಸಂಪತ್ತು ಉಳಿಯುತ್ತದೆ ಎಂಬುದು ಮೀನುಗಾರಿಕೆ ಕಾನೂನುಗಳ ಮೂಲ ನಂಬಿಕೆ. ಬಲೆಯ ಕಣ್ಣಿನ ಅಳತೆ, ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದ ಮುಂತಾದ ನಿಯಮಗಳು ಇದನ್ನೇ ಆಧರಿಸಿವೆ. ನೆರೆಯ ಕೇರಳ 2015ರಲ್ಲಿ 14 ಜಾತಿಗಳಿಗೆ ಕನಿಷ್ಠ ಗಾತ್ರ ನಿಗದಿಪಡಿಸಿದ್ದೂ ಇದೇ ಕಾರಣಕ್ಕೆ. ಆದರೆ ಬದುಕಿನ ನಡುವೆ ಲಿಂಗ ಬದಲಿಸುವ ಮೀನುಗಳ ವಿಷಯದಲ್ಲಿ ಈ ಲೆಕ್ಕಾಚಾರ ಅರ್ಧ ಮಾತ್ರ ಸರಿ.

ಕರಾವಳಿಯ ಪಂಜರ ಕೃಷಿಯಲ್ಲಿ ಹೆಸರಾದ ಸೀಬಾಸ್ ಇದಕ್ಕೆ ನಿದರ್ಶನ. ಈ ಮೀನು ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಕ್ಕೆ ಗಂಡಾಗಿ ಪ್ರೌಢಾವಸ್ಥೆಗೆ ಬರುತ್ತದೆ. ಆರರಿಂದ ಎಂಟು ವರ್ಷದ ಹೊತ್ತಿಗೆ ಹೆಣ್ಣಾಗಿ ಮಾರ್ಪಡುತ್ತದೆ. ಏಷ್ಯಾದ ನೀರಿನಲ್ಲಿ ಕೆಲವು ಮೀನುಗಳು ಆರಂಭದಿಂದಲೇ ಹೆಣ್ಣಾಗಿ ಬೆಳೆಯುವುದುಂಟು. ಆದರೂ ದೊಡ್ಡ ಮೀನುಗಳ ಪೈಕಿ ಹೆಣ್ಣುಗಳೇ ಹೆಚ್ಚು.

ಮೊಟ್ಟೆಯ ಲೆಕ್ಕ

ಸುಮಾರು 120 ಸೆಂ.ಮೀ. ಉದ್ದದ ಹೆಣ್ಣು ಸೀಬಾಸ್ 3ರಿಂದ 4 ಕೋಟಿ ಮೊಟ್ಟೆ ಇಡಬಲ್ಲದು. ಮೀನಿನ ತೂಕ ಇಮ್ಮಡಿಯಾದರೆ ಮೊಟ್ಟೆಗಳೂ ಇಮ್ಮಡಿಯಾಗುತ್ತವೆ ಎಂಬ ಹಳೆಯ ಗ್ರಹಿಕೆಯೂ ಈಗ ಉಳಿದಿಲ್ಲ. 342 ಜಾತಿಯ ಕಡಲ ಮೀನುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 30 ಕಿಲೋ ತೂಗುವ ಒಂದು ಕಾಡ್ ಮೀನು ತಲಾ ಎರಡು ಕಿಲೋದ 28 ಮೀನುಗಳಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ.

ಹೀಗಿರುವಾಗ ಕನಿಷ್ಠ ಗಾತ್ರದ ನಿಯಮ ಮರಿಗಳನ್ನು ಕಾಯುತ್ತದೆಯೇ ಹೊರತು ತಾಯಂದಿರನ್ನಲ್ಲ. ಮಾರುಕಟ್ಟೆಯಲ್ಲಿ ದೊಡ್ಡ ಮೀನಿಗೇ ಬೇಡಿಕೆ ಇರುವುದರಿಂದ ಮೊದಲು ಬರಿದಾಗುವುದೂ ಅವೇ.

ಹೆಣ್ಣಾಗಿದ್ದು ಬಳಿಕ ಗಂಡಾಗುವ ಜಾತಿಗಳಲ್ಲಿ ಪೆಟ್ಟು ಬೀಳುವುದು ಗಂಡುಗಳಿಗೆ. ಮೆಕ್ಸಿಕೊ ಕೊಲ್ಲಿಯ ಗ್ಯಾಗ್ ಗ್ರೂಪರ್ ಮೀನುಗಳಲ್ಲಿ 1970ರ ದಶಕದಲ್ಲಿ ಶೇ 17ರಷ್ಟಿದ್ದ ಗಂಡುಗಳ ಪ್ರಮಾಣ 1990ರ ದಶಕದ ಹೊತ್ತಿಗೆ ಶೇ 2ರ ಆಸುಪಾಸಿಗೆ ಕುಸಿದಿತ್ತು.

ಕೆಳಗೂ ಮಿತಿ, ಮೇಲೂ ಮಿತಿ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಇದಕ್ಕೆ ಬೇರೆಯೇ ದಾರಿ ಕಂಡುಕೊಂಡಿದೆ. ಬಾರಾಮುಂಡಿ ಎಂಬ ಹೆಸರಿನ ಇದೇ ಸೀಬಾಸ್ ಅಲ್ಲಿ 58 ಸೆಂ.ಮೀ.ಗಿಂತ ಚಿಕ್ಕದಿದ್ದರೂ, 120 ಸೆಂ.ಮೀ.ಗಿಂತ ದೊಡ್ಡದಿದ್ದರೂ ಮರಳಿ ನೀರಿಗೆ ಬಿಡಬೇಕು. ಕೆಲವು ಜಲಾಶಯಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವೇ ಕಡಲ ಮೀನುಗಳಿಗೆ ಸಿಗುವ ಮುಖ್ಯ ರಕ್ಷಣೆ. ಇದು ಯಾಂತ್ರೀಕೃತ ದೋಣಿಗಳನ್ನು ತಡೆಯುತ್ತದೆ, ಸಾಂಪ್ರದಾಯಿಕ ನಾಡದೋಣಿಗಳನ್ನಲ್ಲ. ಸೀಬಾಸ್ ಮೊಟ್ಟೆ ಇಡಲು ಬರುವುದಾದರೋ ನಾಡದೋಣಿಗಳ ನೆಲೆಯಾದ ನದೀಮುಖಗಳಿಗೆ. 1997ರಲ್ಲಿ ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ ಕೃತಕವಾಗಿ ಸೀಬಾಸ್ ಮರಿ ಉತ್ಪಾದಿಸುವಲ್ಲಿ ಯಶಸ್ವಿಯಾದ ಬಳಿಕ ಪಂಜರ ಕೃಷಿಗೆ ಬಿತ್ತನೆ ಮರಿಗಳು ದೊರೆಯುತ್ತಿವೆ. ಆದರೆ ಅಳಿವೆಯ ತಾಯಿ ಮೀನಿನ ಸ್ಥಾನವನ್ನು ಅವು ತುಂಬಲಾರವು.

ಗರಿಷ್ಠ ಗಾತ್ರದ ಮಿತಿ ಹೇರುವುದು ಸುಲಭವಲ್ಲ. ದಿನವಿಡೀ ಬಲೆ ಬೀಸಿದವನಿಗೆ ಒಂದು ದೊಡ್ಡ ಮೀನೇ ಆ ದಿನದ ಸಂಪಾದನೆಯಾಗಿರಬಹುದು. ಬಲೆಗೆ ಸಿಕ್ಕ ಮೀನು ಜೀವಂತ ಉಳಿಯುವ ಖಾತರಿಯೂ ಇಲ್ಲ. ಆದ್ದರಿಂದ ಮೊಟ್ಟೆ ಇಡುವ ತಿಂಗಳುಗಳಲ್ಲಿ ಆಯ್ದ ಅಳಿವೆಗಳಿಗಷ್ಟೇ ರಕ್ಷಣೆ ನೀಡಿ, ಆ ಅವಧಿಗೆ ನಾಡದೋಣಿ ಮೀನುಗಾರರಿಗೆ ಪರಿಹಾರ ಒದಗಿಸುವುದು ಕಾರ್ಯಸಾಧ್ಯ ಮಾರ್ಗವೆನಿಸುತ್ತದೆ. ಪರಿಹಾರವಿಲ್ಲದ ನಿಷೇಧ ಕಾಗದದಲ್ಲಷ್ಟೇ ಉಳಿದೀತು.