ಬೀಜವೊಂದೇ, ಬೆಳೆ ಬೇರೆ

ಧಾರವಾಡಕ್ಕೆ ಸಮೀಪದ ಮುಗದದಲ್ಲಿ ಭತ್ತದ ಸಂಶೋಧನ ಕೇಂದ್ರವೊಂದಿದೆ. ಒಂದೇ ತಳಿಯ ಬೀಜವು ಎರಡು ಗದ್ದೆಗಳಲ್ಲಿ ಎರಡು ಬಗೆಯಾಗಿ ಬೆಳೆದರೆ, ಅಂತಹ ಕಡೆ ಯಾರೂ ರೈತನ ಪೂರ್ವಜನ್ಮದ ಪಾಪವನ್ನು ಹುಡುಕುವುದಿಲ್ಲ. ನೆಲವನ್ನೂ ನೀರನ್ನೂ ಪರೀಕ್ಷಿಸುತ್ತಾರೆ. ಕುಷ್ಠರೋಗದ ವಿಷಯದಲ್ಲಿ ಮಾತ್ರ ನಮ್ಮ ಸಮಾಜಕ್ಕೆ ಈ ವಿವೇಕವು ಇನ್ನೂ ಪೂರ್ಣವಾಗಿ ಬಂದಿಲ್ಲ.

ಈ ರೋಗದ ಕ್ರಿಮಿಯನ್ನು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯನು 1873ರಲ್ಲಿ ಕಂಡುಹಿಡಿದನು. ಕ್ರಿಮಿಯು ಒಂದೇ. ಆದರೂ ಬಹುಮಂದಿಗೆ ಅದು ಸೋಂಕಿದರೂ ರೋಗ ಬರುವುದಿಲ್ಲ. ಕೆಲವರಲ್ಲಿ ಸ್ಪರ್ಶಜ್ಞಾನವಿಲ್ಲದ ಒಂದೆರಡು ಮಚ್ಚೆಗಳಷ್ಟಕ್ಕೇ ನಿಲ್ಲುತ್ತದೆ. ಮತ್ತೆ ಕೆಲವರಲ್ಲಿ ಮೈಯೆಲ್ಲ ಹರಡುತ್ತದೆ. ಇದೇಕೆ?

ಇದಕ್ಕೆ ಉತ್ತರದ ಎಳೆಯೊಂದು ಸಿಕ್ಕಿದ್ದು ನೂರು ವರ್ಷಗಳ ಅನಂತರ. 1973ರಲ್ಲಿ ಅಮೆರಿಕದ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್‌ವಿಲ್ ಕೋನ್ ಎಂಬವರು, ಇಲಿಯ ಗುಲ್ಮದಲ್ಲಿ ಮರದ ಕೊಂಬೆಗಳಂತೆ ಕೈಚಾಚಿದ ಜೀವಕೋಶಗಳನ್ನು ಗುರುತಿಸಿ ಅವಕ್ಕೆ ಡೆಂಡ್ರಿಟಿಕ್ ಕೋಶಗಳೆಂದು ಹೆಸರಿಟ್ಟರು. ಚರ್ಮವೇ ಮೊದಲಾದ ಎಡೆಗಳಲ್ಲಿ ಕಾವಲಿರುವ ಇಂಥ ಕೋಶಗಳು, ಒಳಹೊಕ್ಕ ಕ್ರಿಮಿಯ ತುಣುಕನ್ನು ದುಗ್ಧಗ್ರಂಥಿಗೆ ಒಯ್ದು ಸಹಾಯಕ ಟಿ ಕೋಶಗಳಿಗೆ ತೋರಿಸುತ್ತವೆ. ಅಷ್ಟೇ ಅಲ್ಲ, ಯಾವ ರೀತಿಯಲ್ಲಿ ಹೋರಾಡಬೇಕೆಂಬ ಸೂಚನೆಯನ್ನೂ ಕೊಡುತ್ತವೆ. ಇಂಟರ್‌ಲ್ಯೂಕಿನ್-12 ಎಂಬ ದ್ರವ್ಯವನ್ನು ಅವು ಸ್ರವಿಸಿದರೆ, ಟಿ ಕೋಶಗಳು ಒಂದನೆಯ ವರ್ಗಕ್ಕೆ ಸೇರಿ, ಕ್ರಿಮಿಯನ್ನು ನುಂಗಿದ ಭಕ್ಷಕಕೋಶಗಳಿಗೆ ಅದನ್ನು ಕೊಲ್ಲುವ ಬಲವನ್ನು ತುಂಬುತ್ತವೆ. ಆ ಸೂಚನೆ ದುರ್ಬಲವಾದರೆ ಎರಡನೆಯ ವರ್ಗದ್ದೇ ಮೇಲುಗೈಯಾಗಬಹುದು. ಆಗ ಪ್ರತಿಕಾಯಗಳು ಹೇರಳವಾಗಿ ಹುಟ್ಟಿದರೂ, ಕೋಶದೊಳಗೆ ಅಡಗಿದ ಕ್ರಿಮಿಯನ್ನು ಅವು ಮುಟ್ಟಲಾರವು. ರೋಗವು ಮಚ್ಚೆಗಳಷ್ಟಕ್ಕೇ ನಿಂತವರ ಚರ್ಮದಲ್ಲಿ ಪಕ್ವವಾದ ಡೆಂಡ್ರಿಟಿಕ್ ಕೋಶಗಳು ಹೆಚ್ಚಾಗಿ ಕಂಡಿವೆ; ಮೈಯೆಲ್ಲ ಹರಡಿದವರಲ್ಲಿ ಅವು ವಿರಳ.

ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ರೋಗದ ಉಗ್ರತೆಯನ್ನು ನಿರ್ಣಯಿಸುವುದು ರೋಗಿಯ ಶೀಲವಲ್ಲ, ಅವನ ಕರ್ಮವೂ ಅಲ್ಲ, ದೇಹದೊಳಗಣ ಇಂತಹ ವ್ಯಾಪಾರಗಳೇ ಎಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ. ಕುಷ್ಠವನ್ನು ವಿವಾಹವಿಚ್ಛೇದನದ ಕಾರಣಗಳಿಂದ ನಮ್ಮ ಸಂಸತ್ತು ತೆಗೆದುಹಾಕಿದುದು 2019ರಲ್ಲಿ. ಶಾಸನವೇನೋ ತಿದ್ದುಪಡಿಯಾಯಿತು, ಇನ್ನು ತಿದ್ದಿಕೊಳ್ಳಬೇಕಾದವರು ನಾವು.

ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳು ಔಷಧಗಳನ್ನು ತಪ್ಪದೆ ಸೇವಿಸಿದರೆ ಇದು ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಆ ಔಷಧಗಳು ಉಚಿತ. ತಡಮಾಡಿದರೆ ಮಾತ್ರ ನರಗಳಿಗಾದ ಹಾನಿ ಹಲವೊಮ್ಮೆ ಶಾಶ್ವತವಾಗಿ ಉಳಿಯುತ್ತದೆ. ಎಷ್ಟೋ ಮಂದಿ ತಡಮಾಡುವುದು ನಾಚಿಕೆಯಿಂದ, ಆ ನಾಚಿಕೆಯನ್ನು ಹುಟ್ಟಿಸಿದವರು ನಾವೇ. ಮಚ್ಚೆಯನ್ನು ಮುಚ್ಚಿಡದೆ ತೋರಿಸಿರೆಂದು ಬುದ್ಧಿ ಹೇಳುವ ಮೊದಲು, ತೋರಿಸಿದವರನ್ನು ದೂರವಿಡುವುದಿಲ್ಲವೆಂದು ನಾವು ಮಾತು ಕೊಡಬೇಕು.