ಕ್ಲಿಂಗನ್ನರು ಯಾರಪ್ಪನ ಸ್ವತ್ತು?

‘ಟೈ-ಇನ್ ಕಾದಂಬರಿ’ ಎಂದ ಕೂಡಲೇ ಮೂಗು ಮುರಿಯುವವರು ಎರಡು ಕಡೆ ಇದ್ದಾರೆ. ಸಾಹಿತ್ಯ ವಿಭಾಗದ ಹಿರಿಯರಿಗೆ ಅದು ಸಿನಿಮಾ, ಟಿವಿ ಸರಣಿಯ ಹೆಸರು ಹಚ್ಚಿ ಮಾರುವ ಸರಕು. ಹಲವು ಅಭಿಮಾನಿಗಳಿಗೆ ಅದು ‘ಕ್ಯಾನನ್’ ಅಲ್ಲ; ಪರದೆಯ ಮೇಲೆ ಬಂದದ್ದಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಇಬ್ಬರೂ ಪುಸ್ತಕ ತೆರೆಯದೆಯೇ ತೀರ್ಪು ಕೊಡುತ್ತಾರೆ ಎಂಬುದು ನನ್ನ ತಕರಾರು.

ಸ್ಟಾರ್ ಟ್ರೆಕ್‌ನ ಕ್ಲಿಂಗನ್ನರನ್ನೇ ನೋಡಿ. 1967ರಲ್ಲಿ ಈ ಅನ್ಯಗ್ರಹದವರು ಮೊದಲ ಸಲ ಟಿವಿಯಲ್ಲಿ ಕಾಣಿಸಿಕೊಂಡಾಗ ಅವರಿಗಿದ್ದದ್ದು ಮುಖಕ್ಕೆ ಮೆತ್ತಿದ ಕಂದು ಬಣ್ಣ, ಮೀಸೆ, ಕ್ರೌರ್ಯ. ಶೀತಲ ಸಮರದ ಅಮೆರಿಕಕ್ಕೆ ಬೇಕಾದ ಶತ್ರುಗಳು. ಅವರಿಗೆ ಮನೆಯಿರಲಿಲ್ಲ, ಬಾಲ್ಯವಿರಲಿಲ್ಲ. 1984ರಲ್ಲಿ ಜಾನ್ ಎಂ. ಫೋರ್ಡ್ ‘ದಿ ಫೈನಲ್ ರಿಫ್ಲೆಕ್ಷನ್’ ಬರೆದ. ಸರಣಿಯ ನಾಯಕ ಕರ್ಕ್ ಇದರ ಮೊದಲಲ್ಲೂ ಕೊನೆಯಲ್ಲೂ ಬಂದು ಹೋಗುತ್ತಾನೆ, ಅಷ್ಟೆ. ನಡುವಿನದೆಲ್ಲ ವಂಶದ ಹೆಸರಿಲ್ಲದ ಒಬ್ಬ ಅನಾಥ ಕ್ಲಿಂಗನ್ ಹುಡುಗನ ಕತೆ. ಅವನು ‘ಕ್ಲಿನ್ ಝಾ’ ಎಂಬ ಚದುರಂಗದಂಥ ಆಟದಲ್ಲಿ ಜೀವಂತ ಕಾಯಿಯಾಗಿ ಕಣಕ್ಕಿಳಿಯುತ್ತಾನೆ. ಆ ಆಟದಲ್ಲಿ ಪಳಗಿದ ಒಬ್ಬ ಸೇನಾನಿ ಅವನನ್ನು ದತ್ತು ತೆಗೆದುಕೊಳ್ಳುತ್ತಾನೆ. ಈ ಆಟದ ಒಂದು ಬಗೆಯಲ್ಲಿ ಇಬ್ಬರು ಆಟಗಾರರಿಗೂ ಸೇರಿ ಒಂದೇ ಸೆಟ್ಟು ಕಾಯಿಗಳು. ನಾನು ಈಗಷ್ಟೇ ನಡೆಸಿದ ಕಾಯಿಯನ್ನು ನೀವು ನನ್ನ ಮೇಲೇ ನಡೆಸಬಹುದು. ಒಂದು ಜನ ಅಧಿಕಾರವನ್ನು ಹೇಗೆ ಯೋಚಿಸುತ್ತದೆ ಎಂದು ತೋರಿಸಲು ಫೋರ್ಡ್ ಪಾತ್ರಗಳಿಂದ ಭಾಷಣ ಮಾಡಿಸಲಿಲ್ಲ, ಆಟ ಕಟ್ಟಿದ. ಇದು ಸರಕೇ?

ಬಹಳಷ್ಟು ಟೈ-ಇನ್‌ಗಳು ಕಳಪೆ ಎಂಬುದು ನಿಜ. (ಕಳಪೆ ನವ್ಯ ಕತೆಗಳ ರಾಶಿಯೂ ಸಣ್ಣದಲ್ಲ.) ಕಳಪೆಯಾಗುವ ಬಗೆ ಮಾತ್ರ ಒಂದೇ: ಒಂದು ಗ್ರಹಕ್ಕೆ ಒಂದೇ ಸ್ವಭಾವ. ಕ್ಲಿಂಗನ್ನರೆಲ್ಲ ಕೋಪಿಷ್ಠರು, ವಲ್ಕನ್ನರೆಲ್ಲ ತರ್ಕಬದ್ಧರು, ರೊಮ್ಯುಲನ್ನರೆಲ್ಲ ಸಂಚುಕೋರರು. ಒಳಗೊಳಗೇ ಜಗಳವಿಲ್ಲದ ಸಂಸ್ಕೃತಿ ಎಲ್ಲಾದರೂ ಉಂಟೆ? ಡಯೇನ್ ಡುಯೇನ್ ಬರೆದ ‘ಮೈ ಎನಿಮಿ, ಮೈ ಅಲೈ’ ಕೂಡ 1984ರದ್ದೇ. ಅದರಲ್ಲಿ ತನ್ನ ಸಾಮ್ರಾಜ್ಯವೇ ಮಾನಗೆಡುತ್ತಿದೆ ಎಂದು ಕಂಡ ರೊಮ್ಯುಲನ್ ಸೇನಾನಾಯಕಿ ಶತ್ರುವಿನ ಜೊತೆ ಕೈಜೋಡಿಸುತ್ತಾಳೆ. ಹೊರಗಿನವರು ಇಟ್ಟ ಹೆಸರು ಬೇರೆ, ಆ ಜನ ತಮ್ಮನ್ನು ಕರೆದುಕೊಳ್ಳುವ ಹೆಸರು ‘ರಿಹಾನ್ಸು’. ಇಷ್ಟು ಯೋಚಿಸಿದ ಎಪಿಸೋಡುಗಳು ಎಷ್ಟಿವೆ?

1987ರಲ್ಲಿ ಹೊಸ ಟಿವಿ ಸರಣಿ ಬಂತು. ಕ್ಲಿಂಗನ್ನರು ಬೇರೆ ದಾರಿ ಹಿಡಿದರು, ಫೋರ್ಡ್ ಕಟ್ಟಿದ್ದು ‘ಕ್ಯಾನನ್’ನ ಆಚೆ ಬಿತ್ತು.

ಒಂದು ವಿಚಾರಗೋಷ್ಠಿಯಲ್ಲಿ ನಾನು ಫೋರ್ಡ್ ಹೆಸರೆತ್ತಿದಾಗ ಹಿರಿಯರೊಬ್ಬರು, “ಜಗತ್ತು ಇನ್ನೊಬ್ಬರದು, ದುಡ್ಡೂ ಇನ್ನೊಬ್ಬರದು, ಇದರಲ್ಲಿ ಲೇಖಕ ಎಲ್ಲಿದ್ದಾನಮ್ಮ?” ಎಂದರು. ಪಂಪನಿಗೂ ಇದೇ ಪ್ರಶ್ನೆ ಕೇಳುತ್ತೀರಾ ಸರ್? ಜಗತ್ತು ವ್ಯಾಸನದು, ಆಶ್ರಯ ಅರಿಕೇಸರಿಯದು. ದೊರೆಯನ್ನು ಅರ್ಜುನನ ಜೊತೆ ಸಮೀಕರಿಸಿದ್ದಲ್ಲದೆ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿಬಿಟ್ಟ. ಕ್ಯಾನನ್ ಮುರಿಯುವುದೆಂದರೆ ಇದಕ್ಕಿಂತ ಇನ್ನೇನು ಬೇಕು? ಆದರೂ ಆದಿಕವಿ ಎನ್ನುತ್ತೇವೆ.

ವ್ಯತ್ಯಾಸವಿದೆ, ಅದು ಸಾಹಿತ್ಯದ್ದಲ್ಲ. ಅರಿಕೇಸರಿಗೆ ಭಾರತದ ಕಾಪಿರೈಟ್ ಇರಲಿಲ್ಲ. ಆಮೇಲೆ ಬಂದ ರನ್ನ, ಕುಮಾರವ್ಯಾಸ ಯಾರ ಪರವಾನಗಿಯನ್ನೂ ಪಡೆಯಬೇಕಿರಲಿಲ್ಲ. ಫೋರ್ಡ್‌ನ ಕ್ಲಿಂಗನ್ನರನ್ನು ಇಂದು ಯಾರಾದರೂ ಮುಂದುವರಿಸಿ ಪ್ರಕಟಿಸಬೇಕೆಂದರೆ ಕಂಪನಿಯ ಲೈಸೆನ್ಸ್ ಬೇಕು. ಕ್ಯಾನನ್ ಎಂಬುದು ಆ ಆಸ್ತಿಯ ಗಡಿಕಲ್ಲು. ಕಂಪನಿ ಅದನ್ನು ನೆಡುವುದು ಅದರ ವ್ಯಾಪಾರ. ವಿಮರ್ಶಕರು ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವುದು ಯಾಕೆ?

ನನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ ಫೋರ್ಡ್ ಮೇಲಿದೆ. ಅದನ್ನು ಅನುಬಂಧಕ್ಕೆ ಸರಿಸಿ ಎಂಬ ಸಲಹೆ ಬಂದಿದೆ. ಸರಿಸುವುದಿಲ್ಲ.