ಹಸುವಿನ ಮೇವಿಗೆ ಇರುವ ಎಚ್ಚರ ನಮಗೆ ಬೇಡವೇ?

ಭೇದಿಯೆಂದು ನನ್ನ ಬಳಿ ಬಂದಿದ್ದ ಹೈನುಗಾರರೊಬ್ಬರು ಕ್ಯಾಪ್ಸೂಲಿನ ಪಟ್ಟಿ ಹಿಡಿದು ಮರಳಿ ಬಂದರು. 'ಡಾಕ್ಟ್ರೇ, ರಸಮೇವಿಗೆ ಬೆರೆಸೋ ಪುಡಿಯ ಮೇಲೂ ಲ್ಯಾಕ್ಟೋಬ್ಯಾಸಿಲಸ್ ಅಂತಿದೆ, ಇದರ ಮೇಲೂ ಅದೇ ಇದೆ. ಎರಡೂ ಒಂದೇನಾ?' ಎಂದು ಕೇಳಿದರು.

ನಗುವ ಪ್ರಶ್ನೆಯಲ್ಲ ಇದು. ಹಸಿ ಮೆಕ್ಕೆಜೋಳದ ದಂಟನ್ನು ಕತ್ತರಿಸಿ, ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿದರೆ, ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆ ಹುಳಿಯಿಂದಲೇ ಮೇವು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಈ ಕೆಲಸದಲ್ಲಿ ಮುಂದಿರುವುದು ಪ್ಲಾಂಟಾರಮ್ ಎಂಬ ಜಾತಿ. ನಮ್ಮ ದೋಸೆ ಹಿಟ್ಟಿನಲ್ಲೂ, ಕರುಳಿನಲ್ಲೂ, ಕೆಲವು ಕ್ಯಾಪ್ಸೂಲುಗಳಲ್ಲೂ ಇರುವುದು ಇದೇ ಜಾತಿ. 2003ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಇದರ ಸುಮಾರು 33 ಲಕ್ಷ ಅಕ್ಷರಗಳ ಡಿಎನ್‌ಎಯನ್ನು ಪೂರ್ತಿ ಓದಿದರು. ಅವರು ಬಳಸಿದ ತಳಿ ಮೂಲತಃ ಮನುಷ್ಯನ ಜೊಲ್ಲಿನಿಂದ ದೊರೆತದ್ದು!

ಆದರೆ ಜಾತಿ ಒಂದಾದರೂ ತಳಿಯಿಂದ ತಳಿಗೆ ವಂಶವಾಹಿಗಳು ಬೇರೆ. ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕೆಲವು ತಳಿಗಳಲ್ಲಿ ಟೆಟ್ರಾಸೈಕ್ಲಿನ್‌ನಂಥ ಆಂಟಿಬಯಾಟಿಕ್‌ಗೆ ಜಗ್ಗದ ವಂಶವಾಹಿ ಇರುತ್ತದೆ. ಅದು ಪ್ಲಾಸ್ಮಿಡ್ ಎಂಬ ಪುಟ್ಟ ಬಳೆಯಾಕಾರದ ಡಿಎನ್‌ಎ ಮೇಲೆ ಕುಳಿತಿದ್ದರೆ, ಹೆಪ್ಪಿಗೆಂದು ಪಕ್ಕದ ಮನೆಗೆ ಮೊಸರು ಕೊಟ್ಟ ಹಾಗೆ, ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಬಲ್ಲದು. ಹಾಗೆ ಪಡೆದದ್ದು ರೋಗಾಣುವಾದರೆ ನಾಳೆ ನಮ್ಮ ಔಷಧಿ ನಾಟುವುದಿಲ್ಲ. ಎಲ್ಲ ನಿರೋಧವೂ ಹೀಗೆ ದಾಟುವುದಿಲ್ಲ, ನಿಜ. ಪ್ಲಾಂಟಾರಮ್ ವ್ಯಾಂಕೋಮೈಸಿನ್‌ಗೆ ಬಗ್ಗದಿರುವುದು ಅದರ ಕೋಶಭಿತ್ತಿಯ ಹುಟ್ಟುಗುಣ, ಅದಕ್ಕೆ ಹೆದರಬೇಕಿಲ್ಲ.

ಯುರೋಪಿನಲ್ಲಿ ರಸಮೇವಿಗೆ ಬೆರೆಸುವ ಬ್ಯಾಕ್ಟೀರಿಯಾಕ್ಕೂ ಈ ಪರೀಕ್ಷೆ ಉಂಟು. ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾರ್ಗಸೂಚಿಯಂತೆ, ತಳಿಯ ಪೂರ್ತಿ ಡಿಎನ್‌ಎ ಓದಿ, ಇಂಥ ವಂಶವಾಹಿ ಇದೆಯೇ ಎಂದು ಹುಡುಕಬೇಕು. ನಮ್ಮಲ್ಲೂ ಪ್ರೋಬಯಾಟಿಕ್ ಆಹಾರಗಳ ತಳಿಯನ್ನು ಗುರುತಿಸಿ, ಆಂಟಿಬಯಾಟಿಕ್ ನಿರೋಧವನ್ನು ಪರೀಕ್ಷಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲೇ ಹೇಳಿವೆ. ಆ ಪರೀಕ್ಷೆಯ ಫಲ ಕೊಳ್ಳುವವರಿಗೂ ತಿಳಿಯಬೇಕು ಎಂಬುದು ನನ್ನ ವಾದ. ಜಾತಿಯ ಹೆಸರಷ್ಟೇ ಸಾಲದು. ತಳಿಯ ಹೆಸರು, ಪರೀಕ್ಷೆ ಆಗಿದೆಯೆಂಬ ಮಾತು ಪೊಟ್ಟಣದ ಮೇಲೆ ಇರಲಿ. ಬರೆದುಕೊಡುವ ನಾವು ವೈದ್ಯರೂ ಅದನ್ನು ಕೇಳಬೇಕು. ನಾನೂ ಈವರೆಗೆ ಕೇಳಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಇದನ್ನೋದಿ ದೋಸೆ, ಮೊಸರು ಬಿಡಬೇಡಿ. ಆರೋಗ್ಯವಂತರಿಗೆ ಇವುಗಳಿಂದ ಭಯವಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಬಯಾಟಿಕ್ ಕ್ಯಾಪ್ಸೂಲು ನುಂಗಬಾರದು. ನಿಮ್ಮ ಕೈಯಲ್ಲೇ ಇರುವ ಕೆಲಸ ಇನ್ನೊಂದಿದೆ. ನೆಗಡಿಗೆಲ್ಲ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಪ್ರತಿ ಸಲವೂ ಅದು ಕರುಳಿನಲ್ಲಿ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು, ಮದ್ದಿಗೆ ಜಗ್ಗದವುಗಳಿಗೆ ಜಾಗ ಮಾಡಿಕೊಡುತ್ತದೆ.

ಹೈನುಗಾರರಿಗೆ ನಾನು ಕೊಟ್ಟ ಉತ್ತರ ಇಷ್ಟೇ: 'ಮನೆತನ ಒಂದೇ ಇರಬಹುದು. ಗುಣ ತಿಳಿಯಲು ತಳಿ ವಿಚಾರಿಸಬೇಕು.' ಹಸು ಕೊಳ್ಳುವಾಗ ಅವರು ಮಾಡುವುದೂ ಅದನ್ನೇ ಅಲ್ಲವೇ?